ಮಾವನವರಿಗೆ ಬೆಳಗದ ಬೋರ್ಡು

ಮನೆಯಲ್ಲಿ ದೀಪ ಆರಿಸುತ್ತ ತಿರುಗುವ ಗಂಡಸನ್ನು ಹೆಂಡತಿ ಜಿಪುಣ ಎನ್ನುತ್ತಾಳೆ. ಅದೇ ಕೆಲಸಕ್ಕೆ ಕಂಪನಿ ಸಂಬಳ ಕೊಟ್ಟರೆ ಅವನು ಇಂಜಿನಿಯರ್. ನಾನು ಎರಡೂ ಹೌದು. ವೇಗದ ಮಿತಿ ತೋರಿಸುವ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ರೂಪಿಸುವುದು ನನ್ನ ವೃತ್ತಿ. ಸಂತೆಯ ದಿನ, ಮಳೆಯ ದಿನ ಮೂವತ್ತು, ಉಳಿದಂತೆ ಐವತ್ತು ಎಂದು ಅಂಕಿ ತಾನೇ ಬದಲಾಗುತ್ತದೆ. ಅದರಲ್ಲೂ ನಾರಾಯಣಪೇಟೆಯಿಂದ ಮಕ್ತಲ್‌ಗೆ ಹೋಗುವ ರಸ್ತೆಯಲ್ಲಿ ನಿಲ್ಲಿಸಿದ ಬೋರ್ಡಿನ ಮೇಲೆ ನನಗೆ ವಿಶೇಷ ಮೋಹ. ಸಣ್ಣ ಸೋಲಾರ್ ಫಲಕ, ಸಣ್ಣ ಬ್ಯಾಟರಿ. ಕರೆಂಟು ಉಳಿಸಲೆಂದು ಅದಕ್ಕೆ ನಿದ್ದೆ ಮಾಡುವುದನ್ನು ಕಲಿಸಿದ್ದೆ. ಜೋರಾಗಿ ಬರುವ ಗಾಡಿ ಕಂಡರೆ ಮಾತ್ರ ಎದ್ದು ಅಂಕಿ ತೋರಿಸುತ್ತಿತ್ತು. ನಿಧಾನ ಹೋಗುವವನಿಗೆ ನಿಧಾನ ಹೋಗು ಎಂದು ಯಾಕೆ ಹೇಳಬೇಕು? ಈ ಜಾಣತನಕ್ಕೆ ಆಫೀಸಿನಲ್ಲಿ ಬೆನ್ನು ತಟ್ಟಿದರು.

ನಾರಾಯಣಪೇಟೆಯ ನಮ್ಮ ಮಾವನವರು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಮಗ್ಗದ ಸೀರೆಗಳ ಗಂಟನ್ನು ಮೊಪೆಡ್ಡಿನ ಮುಂದಿಟ್ಟುಕೊಂಡು ಮಕ್ತಲಿನ ಅಂಗಡಿಗಳಿಗೆ ಹಾಕುವುದು ಅವರ ವ್ಯಾಪಾರ. ಗಂಟು ಜಾರಿ ಸೆರಗು ಮಣ್ಣಾದೀತೆಂದು ಅವರು ಇಪ್ಪತ್ತರ ಮೇಲೆ ಹೋದದ್ದೇ ಇಲ್ಲ. ಎಮ್ಮೆಗಳೂ ಅವರನ್ನು ಹಿಂದೆ ಹಾಕುತ್ತವೆ ಎಂದು ನಾನೇ ಗೇಲಿ ಮಾಡಿದ್ದುಂಟು. ಅಂಥವರು ಒಂದು ದಿನ ವ್ಯಾಪಾರದ ಗೆಳೆಯರೊಬ್ಬರನ್ನು ಹಿಂದೆ ಕೂರಿಸಿಕೊಂಡು ಅಳಿಯನ ಬೋರ್ಡು ತೋರಿಸಲು ಹೋದರು. ಬೋರ್ಡು ಕಪ್ಪಗೆ ನಿಂತಿತ್ತು. ತಿರುಗಿಸಿಕೊಂಡು ಮತ್ತೆ ಬಂದರು, ಆಗಲೂ ಕಪ್ಪು. ಅಷ್ಟರಲ್ಲಿ ಲಾರಿಯೊಂದು ನುಗ್ಗಿ ಬಂತು, ಬೋರ್ಡು ಝಗ್ಗನೆ ಬೆಳಗಿತು. ಗೆಳೆಯರು ನಕ್ಕರಂತೆ. ಸಂಜೆ ಮಾವನವರು ಫೋನ್ ಮಾಡಿ, ಸಿಟ್ಟಿಲ್ಲದೆ ಕೇಳಿದರು: "ಅಳಿಯಂದ್ರ, ನಿಮ್ಮ ಬೋರ್ಡಿಗೆ ನಾವು ಕಾಣಂಗಿಲ್ಲೇನ್ರಿ?"

ನಾನು ಬ್ಯಾಟರಿ, ಸೆನ್ಸರ್ ಎಂದು ಉದ್ದಕ್ಕೆ ಪಾಠ ಒಪ್ಪಿಸಿದೆ. ಆಗಲಿ ಬಿಡಿ ಎಂದು ಅವರು ಫೋನಿಟ್ಟರು. ಅಪ್ಪನ ಮರ್ಯಾದೆಗಿಂತ ಬ್ಯಾಟರಿ ದೊಡ್ಡದಾಯಿತೇ ಎಂದು ನನ್ನ ಹೆಂಡತಿ ಮಾತು ಬಿಟ್ಟಳು. ನಿಧಾನ ಬರುವವರಿಗೂ ಮಂದವಾಗಿಯಾದರೂ ಬೆಳಗುವಂತೆ ಮಾಡುವುದು ಅರ್ಧ ದಿನದ ಕೆಲಸ. ಮಾಡೋಣ, ಮಾಡೋಣ ಎಂದು ಮುಂದೂಡುತ್ತಿರುವಾಗಲೇ ಮಾವನವರ ಮೊಣಕಾಲು ಕೈಕೊಟ್ಟಿತು, ಮೊಪೆಡ್ ಮಾರಿಬಿಟ್ಟರು. ಆಮೇಲೆ ಆ ಅರ್ಧ ದಿನದ ಕೆಲಸ ಮುಗಿಸಿದೆ; ಈಗ ಆ ಬೋರ್ಡು ಸೈಕಲ್ಲಿಗೂ ಬೆಳಗುತ್ತದೆ. ಯಾರಿಗಾಗಿ ಬೆಳಗಬೇಕಿತ್ತೋ ಅವರೇ ಆ ದಾರಿಯಲ್ಲಿಲ್ಲ.

ಹೋದ ತಿಂಗಳು ಮನಸ್ಸು ತಡೆಯದೆ ಅವರನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಅವತ್ತು ಸಂತೆ. ತೋರಿಸುವ ಆತುರದಲ್ಲಿ ಎಷ್ಟು ಜೋರಾಗಿ ಹೋಗುತ್ತಿದ್ದೇನೆಂಬುದೇ ತಿಳಿಯಲಿಲ್ಲ. ದೂರದಿಂದಲೇ ಬೋರ್ಡು ಕೆಂಪಗೆ ಉರಿದು, ಮೂವತ್ತು, ಮೂವತ್ತು ಎಂದು ಮಿಣುಕತೊಡಗಿತು. ಈಗಲಾದರೂ ನೋಡಿದಿರಾ ಎಂದು ಹೆಮ್ಮೆಯಿಂದ ಕೇಳಿದೆ. ಮಾವನವರು ನನ್ನ ಹೆಗಲನ್ನು ಮೆಲ್ಲಗೆ ಒತ್ತಿದರು.

"ನೋಡಿದೆ. ಅದು ನಿಮಗ ಹೇಳಾಕತ್ತೈತ್ರಿ, ಅಳಿಯಂದ್ರ. ನನಗಲ್ಲ."