ಮುಂದಿನ ಸೀಟಿನ ಫುಟ್‌ರೆಸ್ಟ್ ಮುರಿದ ಬಗ್ಗೆ

ಹದಿಹರೆಯದವರ ಸಮುದ್ರ ಕಯಾಕ್ ಶಿಬಿರದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಸಿಬ್ಬಂದಿಯೂ, ದಡದಲ್ಲಿ ಸಾಲಾಗಿ ಬೋರಲು ಮಲಗಿರುವ ತಮ್ಮ ಹದಿನಾಲ್ಕು ಕಯಾಕು ದೋಣಿಗಳೂ ಕ್ಷೇಮವೆಂದು ಭಾವಿಸಿದ್ದೆ. ಹದಿನಾಲ್ಕರಲ್ಲಿ ಒಂದು ಕ್ಷೇಮವಾಗಿಲ್ಲ ಎಂಬುದು ತಮ್ಮ ಪತ್ರದಿಂದ ತಿಳಿಯಿತು. ಒಂಬತ್ತನೇ ನಂಬರಿನ ಜೋಡಿ ಕಯಾಕಿನಲ್ಲಿ ಮುಂದಿನ ಸೀಟಿನ ಫುಟ್‌ರೆಸ್ಟ್ ಬುಡಸಮೇತ ಮುರಿದಿದೆ, ಹನ್ನೆರಡು ವರ್ಷಗಳಲ್ಲಿ ಇಂಥದ್ದು ನಡೆದಿರಲಿಲ್ಲ, ಕೊನೆಯ ದಿನ ಅಲ್ಲಿ ಕುಳಿತಿದ್ದವನು ನಾನೇ ಆದ್ದರಿಂದ ಅದು ಹೇಗಾಯಿತೆಂದು ಲಿಖಿತ ವಿವರಣೆ ಕೊಡಬೇಕು ಎಂದು ತಾವು ಬಹಳ ಮರ್ಯಾದೆಯಿಂದ ಕೇಳಿದ್ದೀರಿ. ಕೊಡುತ್ತೇನೆ. ಜೊತೆಗೆ ನನ್ನ ದೂರುಗಳನ್ನೂ ಕೊಡುತ್ತೇನೆ. ಊರವರೂ ಓದಲಿ ಎಂದು ಇದರ ಒಂದು ಪ್ರತಿಯನ್ನು ಪತ್ರಿಕೆಗೂ ಕಳುಹಿಸುತ್ತಿದ್ದೇನೆ.

ನಾನು ಕಾರು ಓಡಿಸಲು ಕಲಿಸುವವನು. ಇಪ್ಪತ್ತೆರಡು ವರ್ಷಗಳಿಂದ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತಿದ್ದೇನೆ, ಮತ್ತು ಅಷ್ಟೂ ವರ್ಷ ನನ್ನ ಬಲಗಾಲಿನ ಕೆಳಗೆ ನನ್ನದೇ ಒಂದು ಬ್ರೇಕು ಇದೆ. ಈ ಊರಿನ ಪೋಸ್ಟ್‌ಮ್ಯಾನ್, ಹಲ್ಲಿನ ಡಾಕ್ಟರು, ನನ್ನ ಸ್ವಂತ ಅತ್ತೆ, ಎಲ್ಲರೂ ಆ ಬ್ರೇಕಿನ ಕೃಪೆಯಿಂದ ಕಲಿತು ಇಂದಿಗೂ ಬದುಕಿದ್ದಾರೆ. ಕಲಿಯದೆ ಉಳಿದವಳು ನನ್ನ ಮಗಳೊಬ್ಬಳೇ. ಅವಳಿಗೆ ಹದಿನೆಂಟು ತುಂಬಿ ಮೂರು ತಿಂಗಳಾದರೂ, ಮಳೆ ನಿಲ್ಲಲಿ, ಪರೀಕ್ಷೆ ಮುಗಿಯಲಿ, ಕಾರಿನ ಟೈರು ಬದಲಾಗಲಿ ಎಂದು ನಾನು ಮುಂದಕ್ಕೆ ಹಾಕುತ್ತಲೇ ಬಂದಿದ್ದೆ. ಇದರಿಂದ ಅವಳಿಗೆ ನನ್ನ ಮೇಲೆ ಬಂದ ಮುನಿಸು ತಣಿಯಲಿ ಎಂದು, ನೀರಿನಲ್ಲಿ ಎದುರಿಗೆ ಲಾರಿ ಬರುವುದಿಲ್ಲವಲ್ಲ ಎಂಬ ಧೈರ್ಯದ ಮೇಲೆ, ಅವಳನ್ನು ತಮ್ಮ ಶಿಬಿರಕ್ಕೆ ಕಳುಹಿಸಿದೆ.

ತಮ್ಮ ಕಾರ್ಯಕ್ರಮದ ಸೊಬಗನ್ನು ಎಷ್ಟು ಹೊಗಳಿದರೂ ಸಾಲದು. ಹತ್ತು ದಿನ ಜನರಿಲ್ಲದ ದ್ವೀಪಗಳು, ಫೋನಿಲ್ಲ, ಅಪ್ಪ ಅಮ್ಮ ಇಲ್ಲ, ದಿನಕ್ಕೊಬ್ಬ ನಾಯಕ, ದಾರಿ ಆರಿಸುವವರೂ ಮಕ್ಕಳೇ, ದಾರಿ ತಪ್ಪುವವರೂ ಮಕ್ಕಳೇ. ಹೆತ್ತವರ ನಿದ್ದೆ ಕೆಡಿಸಲು ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆಯನ್ನು ನಾನು ಕಂಡಿಲ್ಲ. ತಮ್ಮ ಉದಾರತೆ ಅಷ್ಟಕ್ಕೇ ನಿಲ್ಲದೆ, ಕೊನೆಯ ದಿನ ಹೆತ್ತವರನ್ನೂ ಕರೆಸಿ, ಮಕ್ಕಳ ಜೊತೆ ಕಯಾಕಿನಲ್ಲಿ ಕೂರಿಸಿ, ಎದುರಿನ ದೊಡ್ಡ ಬಂಡೆಯನ್ನು ಒಂದು ಸುತ್ತು ಹಾಕಿಸುವ ಏರ್ಪಾಡನ್ನೂ ಮಾಡಿದಿರಿ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ರಜೆ ಸಿಗದೆ ಬಚಾವಾದಳು.

ಕಯಾಕು ಎಷ್ಟು ಸಪೂರವೆಂದರೆ ಅದರಲ್ಲಿ ಕೂರುತ್ತೇವೆ ಎನ್ನುವುದಕ್ಕಿಂತ ಅದನ್ನು ತೊಟ್ಟುಕೊಳ್ಳುತ್ತೇವೆ ಎನ್ನುವುದೇ ಸರಿ. ಚುಕ್ಕಾಣಿಯ ಪೆಡಲುಗಳಿರುವ ಹಿಂದಿನ ಸೀಟಿನತ್ತ ನಾನು ಅಭ್ಯಾಸಬಲದಿಂದ ನಡೆದಾಗ, ಅಲ್ಲಿ ಗೊತ್ತಿರುವವರು ಕೂರಬೇಕೆಂದು ತಮ್ಮ ತರಬೇತುದಾರಳು, ನನ್ನ ಮಗಳಿಗಿಂತ ನಾಲ್ಕೇ ವರ್ಷ ದೊಡ್ಡವಳಿರಬಹುದಾದ ಹುಡುಗಿ, ನಗುನಗುತ್ತಲೇ ನನ್ನನ್ನು ಮುಂದಕ್ಕೆ ಸಾಗಹಾಕಿದಳು. ಬ್ರೇಕು ಎಲ್ಲಿದೆ ಎಂದು ನಾನು ಕೇಳಿದ್ದು ನಿಜ. "ಬ್ರೇಕಾ? ಅದೆಲ್ಲ ಇಲ್ಲ ಅಂಕಲ್, ಕಾಲಿಡೋಕೆ ಫುಟ್‌ರೆಸ್ಟ್ ಇದೆ ನೋಡಿ" ಎಂದಳು. ಈ ವಾಕ್ಯವನ್ನು ತಾವು ನನ್ನ ವಿವರಣೆಯ ಮೊದಲ ಭಾಗವೆಂದು ಪರಿಗಣಿಸಬೇಕು.

ಸಮುದ್ರದ ನಿರ್ವಹಣೆಯ ಬಗ್ಗೆಯೂ ಒಂದು ಮಾತು. ರಸ್ತೆಯಲ್ಲಿ ಹಂಪ್ ಹಾಕುವವರು ಮೊದಲು ಫಲಕ ನೆಡುತ್ತಾರೆ, ಬಿಳಿ ಪಟ್ಟೆ ಬಳಿಯುತ್ತಾರೆ. ತಮ್ಮಲ್ಲಿ ಹಂಪುಗಳು ಹೇಳದೆ ಕೇಳದೆ ಬರುತ್ತವೆ, ಬಂದ ಮೇಲೆ ಇದ್ದಲ್ಲಿ ಇರುವುದೂ ಇಲ್ಲ. ದಯವಿಟ್ಟು ಅಲೆಗಳಿಗೆ ವೇಗಮಿತಿ ನಿಗದಿಪಡಿಸಿ, ಬಂಡೆಗಳಿಗೆ ಒಂದು ಬದಿಗೆ ಸರಿದು ನಿಲ್ಲುವಂತೆ ತಾಕೀತು ಮಾಡಿ, ಪ್ರತಿ ಮುಂದಿನ ಸೀಟಿಗೂ ಒಂದು ಕನ್ನಡಿ ಹಾಕಿಸಿ. ಕನ್ನಡಿ ಇದ್ದಿದ್ದರೆ, ನನ್ನ ಬೆನ್ನ ಹಿಂದಿದ್ದ ಮಗಳ ಮುಖದಲ್ಲಿ ಭಯವಿದೆಯೋ ಇಲ್ಲವೋ ಎಂದಾದರೂ ಗೊತ್ತಾಗುತ್ತಿತ್ತು.

ಬಂಡೆಯ ಆಚೆ ಬದಿಗೆ ತಿರುಗಿದ ಕೂಡಲೇ ಗಾಳಿ ಎದುರಾಯಿತು, ನನ್ನ ಎದೆಯೆತ್ತರದ ಅಲೆಯೊಂದು ಬಂತು. ಕೂತವನ ಎದೆ ಎಂಬುದನ್ನು ಪ್ರಾಮಾಣಿಕತೆಯ ದೃಷ್ಟಿಯಿಂದ ಸೇರಿಸುತ್ತಿದ್ದೇನೆ. ಬುದ್ಧಿಯಿದ್ದವರು ಅದರಿಂದ ದೂರ ಸರಿಯುತ್ತಾರೆ. ನನ್ನ ಮಗಳು ಕಯಾಕಿನ ಮೂತಿಯನ್ನು ನೇರವಾಗಿ ಅಲೆಗೇ ತಿರುಗಿಸಿದಳು. ನಾನು ಬ್ರೇಕು ಒತ್ತಿದೆ. ಇಪ್ಪತ್ತೆರಡು ವರ್ಷಗಳ ಅನುಭವವನ್ನೆಲ್ಲ ಬಲಗಾಲಿಗೆ ತಂದು ಒತ್ತಿದೆ. ಟಪ್ ಎಂದು ಸದ್ದಾಯಿತು. ಇದು ವಿವರಣೆಯ ಎರಡನೆಯ ಭಾಗ, ಮೂರನೆಯದು ಇಲ್ಲ.

ಕಯಾಕು ನಿಲ್ಲಲಿಲ್ಲ. ಅಲೆಯನ್ನು ಹತ್ತಿತು, ಇಳಿಯಿತು, ನನ್ನ ಮಡಿಲ ತುಂಬ ನೀರು ಸುರಿಯಿತು. ಬಂಡೆಗೆ ಬಡಿದೇಬಿಟ್ಟೆವು ಎಂದು ನಾನು ಅದನ್ನೇ ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗ ಹಿಂದಿನಿಂದ ಮಗಳ ದನಿ ಬಂತು, ಅದರಲ್ಲಿ ಅವಸರದ ಸುಳಿವೇ ಇರಲಿಲ್ಲ: "ಅಪ್ಪಾ, ಬಂಡೆ ನೋಡ್ಬೇಡಿ. ಹೋಗ್ಬೇಕಾದ ಕಡೆ ನೋಡಿ. ಕಾಲು ಸಡಿಲ ಬಿಡಿ."

ದಡಕ್ಕೆ ಬಂದ ಮೇಲೆ, ಅಪ್ಪನಿಗೇ ಹೀಗೆ ಪಾಠ ಹೇಳುವುದನ್ನು ಕಲಿಸಿದವರು ಯಾರೆಂದು, ತಮ್ಮ ತರಬೇತುದಾರಳ ಮೇಲೆ ದೂರು ಹೇಳುವ ಉದ್ದೇಶದಿಂದಲೇ ಮಗಳನ್ನು ಕೇಳಿದೆ. "ನೀವೇ ಅಲ್ವಾ? ಚಿಕ್ಕೋಳಿದ್ದಾಗ, ಅಮ್ಮಂಗೆ ಡ್ಯೂಟಿ ಇದ್ರೆ, ನನ್ನನ್ನ ಕಾರಿನ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗ್ತಿದ್ರಲ್ಲ. ನೀವು ಎಲ್ರಿಗೂ ಹೇಳೋದನ್ನ ನಾನೂ ಕೇಳಿಸ್ಕೋತಿದ್ದೆ" ಎಂದಳು. ಮಾನ್ಯರೇ, ಅವಳು ಅಲ್ಲಿ ಹೋಂವರ್ಕ್ ಮಾಡುತ್ತಿದ್ದಾಳೆಂದೇ ನಾನು ತಿಳಿದಿದ್ದೆ. ಗುಂಡಿ ನೋಡಬೇಡಿ, ಹೋಗುವ ದಾರಿ ನೋಡಿ ಎಂದು ಪೋಸ್ಟ್‌ಮ್ಯಾನ್‌ಗೆ ಗಂಟಲು ಹರಿದುಕೊಂಡು ಹೇಳಿದ್ದು ಪೋಸ್ಟ್‌ಮ್ಯಾನ್‌ಗೆ ತಲೆಗೆ ಹತ್ತಲಿಲ್ಲ, ಹಿಂದಿನ ಸೀಟಿಗೆ ಹತ್ತಿತ್ತು. ಒದ್ದೆ ಪ್ಯಾಂಟಿನಲ್ಲಿ ನಿಂತಿದ್ದ ನನಗೆ ಹೆಮ್ಮೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಇಷ್ಟು ದಿನ ನಾನು ಕಾಯುತ್ತಿದ್ದದ್ದು ಮಳೆ ನಿಲ್ಲಲೆಂದಲ್ಲ, ಮಗಳನ್ನು ರಸ್ತೆಗೆ ಬಿಡುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಆದ್ದರಿಂದ ಫುಟ್‌ರೆಸ್ಟ್ ಮುರಿದವನು ನಾನೇ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ದೊಡ್ಡ ದೂರು ಬೇರೆ ಇದೆ. ಯಾರನ್ನಾದರೂ ಚೆನ್ನಾಗಿ ಬೈಯಬಹುದೆಂಬ ಆಸೆಯಿಂದ ಶುರು ಮಾಡಿದ ಈ ಪತ್ರದಲ್ಲಿ, ಹುಡುಕಿದರೂ ಒಂದು ತಪ್ಪು ಸಿಗದಂತೆ ನಡೆದುಕೊಂಡು ತಾವು ನನ್ನನ್ನು ತೀರಾ ನಿರಾಶೆಗೊಳಿಸಿದ್ದೀರಿ. ಮುಂದಿನ ಶಿಬಿರದಲ್ಲಾದರೂ ಹೆತ್ತವರ ಅನುಕೂಲಕ್ಕಾಗಿ ಒಂದೆರಡು ಲೋಪಗಳನ್ನು ಇಟ್ಟುಕೊಳ್ಳಬೇಕೆಂದು ಕೈಮುಗಿದು ಕೋರುತ್ತೇನೆ.

ತಮ್ಮ ವಿಶ್ವಾಸಿ (ವಿಶ್ವಾಸ ಇನ್ನೂ ಕಲಿಕೆಯ ಹಂತದಲ್ಲಿದೆ),
ಒಂಬತ್ತನೇ ಕಯಾಕಿನ ಮುಂದಿನ ಸೀಟಿನವನು

ಮರೆತ ಮಾತು: ಬರುವ ಭಾನುವಾರ ಬೆಳಿಗ್ಗೆ ಮಗಳಿಗೆ ಮೊದಲ ಪಾಠ. ನಾನು ಕಲಿಸುವ ಕಾರು ಬೇಡ, ಮನೆಯ ಕಾರೇ ಆಗಬೇಕೆಂದು ಹಟ ಹಿಡಿದಿದ್ದಾಳೆ. ಅದರಲ್ಲಿ ನನ್ನ ಕಾಲಿಗೆ ಬ್ರೇಕಿಲ್ಲ. ಹಾಗಾಗಿ, ಯಾವುದಕ್ಕೂ ಸಂಬಂಧವಿಲ್ಲದ, ಎಷ್ಟು ಒತ್ತಿದರೂ ಏನನ್ನೂ ನಿಲ್ಲಿಸದ ತಮ್ಮ ಫುಟ್‌ರೆಸ್ಟ್ ಒಂದನ್ನು ಕಳುಹಿಸಿಕೊಟ್ಟರೆ ಪಕ್ಕದ ಸೀಟಿನ ಕೆಳಗೆ ಹಾಕಿಸಿಕೊಳ್ಳುತ್ತೇನೆ. ಹನ್ನೆರಡು ವರ್ಷ ಬಾಳಿತೆಂದು ತಾವು ಹೇಳಿಕೊಂಡ ಮಾದರಿ ಮಾತ್ರ ಬೇಡ, ನನ್ನ ಕಾಲಿನ ಕೆಳಗೆ ಅದು ಹನ್ನೆರಡು ನಿಮಿಷವೂ ಬಾಳಲಿಲ್ಲ. ಗಟ್ಟಿಯದು ಇದ್ದರೆ ಎರಡು ಕಳುಹಿಸಿ. ಹಿಂದಿನ ಸೀಟಿನಲ್ಲಿ ಅವಳ ಅಮ್ಮ ಕೂರುತ್ತಾಳಂತೆ.