ಮೀನು ನುಂಗಿದ ಸೂಟು

ರೈನ್ ನದಿಯ ಮೇಲೆ ಹೋಗುವಾಗ ಏನು ಹಾಕಿಕೊಳ್ಳಬೇಕು ಎಂದು ವೆರ್ನಿ ಗೀಸಿನ್ ಈ ಭೂಮಿಯ ಮೇಲೆ ಯಾರನ್ನೂ ಕೇಳತಕ್ಕವನಲ್ಲ. ಇದು ಶಪಥ. ಬೆಳಗಿನ ಕಾಫಿಯ ಮುಂದೆ, ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ಗದೆಯಂತೆ ಎತ್ತಿ ಹಿಡಿದು, ಹೆಂಡತಿ ಮಾರ್ಲಿಸ್‌ಳ ಸಮಕ್ಷಮದಲ್ಲಿ ಮಾಡಿದ ಭೀಷಣ ಶಪಥ. ಶಪಥ ಗಾಳಿಯಲ್ಲಿ ನಿಂತಿತು, ಬೆಣ್ಣೆ ಮೇಜುಬಟ್ಟೆಯ ಮೇಲೆ ಬಿತ್ತು.

"ನಾನು ಹುಟ್ಟಿದ್ದು ಬಾಸೆಲ್‌ನಲ್ಲಿ. ನಡೆಯೋದು ಕಲಿಯೋಕೆ ಮುಂಚೆ ಈ ಹಳ್ಳದಲ್ಲಿ ಈಜೋದು ಕಲ್ತೋನು ನಾನು" ಎಂದ ವೆರ್ನಿ. ರೈನ್‌ನಂಥ ಮಹಾನದಿಯನ್ನು ಹಳ್ಳ ಅನ್ನುವಷ್ಟು ಸಲಿಗೆ ಅವನಿಗೆ. "ಇಷ್ಟು ವರ್ಷ ರೈನ್ ಮೇಲೆ ಓಡಾಡಿದೀನಿ. ಒಂದು ಈಜುಚಡ್ಡಿ ಬಿಟ್ಟು ಇನ್ನೇನೂ ಬೇಕಾಗಿಲ್ಲ."

"ಮೇಲಲ್ಲ, ಒಳಗೆ" ಎಂದಳು ಮಾರ್ಲಿಸ್, ಬೆಣ್ಣೆ ಕೆರೆಯುತ್ತಾ. "ಮೇಲೆ ಹೋಗ್ತಿರೋದು ಇದೇ ಮೊದಲು. ಹಡಗಲ್ಲಿ ಹೋಗೋರು ಬಟ್ಟೆ ಹಾಕ್ಕೊಂಡು ಹೋಗ್ತಾರೆ, ವೆರ್ನಿ."

ವಿಷಯ ಇಷ್ಟೇ. ಮದುವೆಯಾಗಿ ನಲವತ್ತು ವರ್ಷ ತುಂಬಿದ್ದಕ್ಕೆ ಗಂಡಹೆಂಡತಿ ಹಡಗು ಹತ್ತಿ ಬಾಸೆಲ್‌ನಿಂದ ಆಮ್‌ಸ್ಟರ್‌ಡ್ಯಾಮ್‌ವರೆಗೆ ತೇಲಿಕೊಂಡು ಹೋಗುವವರಿದ್ದರು. ಹಗಲು ಹೊತ್ತು ಏನಾದರೂ ಹಾಕಿಕೊಳ್ಳಿ, ಮೊದಲ ರಾತ್ರಿ ಮಾತ್ರ ಕ್ಯಾಪ್ಟನ್ ಜೊತೆ ಊಟ, ಗಂಡಸರು ಕೋಟು ಹಾಕಿ ಬನ್ನಿ ಎಂದು ಹಡಗಿನವರು ಮೊದಲೇ ಹೇಳಿದ್ದರು. ಊಟಕ್ಕೆ ಮುಂಚೆ ಅವರದೇ ಫೋಟೋದವನು ಜೋಡಿಗಳ ಫೋಟೋ ತೆಗೆಯುತ್ತಾನಂತೆ.

ಮಾರ್ಲಿಸ್‌ಗೆ ಬೇಕಾಗಿದ್ದದ್ದು ಆ ಫೋಟೋ. ದಾರಿಯಲ್ಲಿ ಬರುವ ಕೋಟೆ ಕೊತ್ತಲ, ಚರ್ಚು, ಗಾಳಿಗಿರಣಿ ಎಲ್ಲ ಬಂದರೆ ಬರಲಿ, ಬರದಿದ್ದರೆ ಬಿಡಲಿ.

ಯಾಕೆಂದರೆ ಮನೆಯ ಹಜಾರದಲ್ಲಿ ಅವರ ಮದುವೆಯ ಫೋಟೋ ತೂಗುತ್ತಿತ್ತು. ಅದರಲ್ಲಿ ಮಾರ್ಲಿಸ್ ರಾಣಿಯ ಹಾಗೆ ನಿಂತಿದ್ದಾಳೆ. ಪಕ್ಕದಲ್ಲಿ ಒಬ್ಬ ಗಂಡಸು. ಅವನ ಪ್ಯಾಂಟು ಮೊಣಕಾಲು ದಾಟಿ, ಪಾದದ ಕಡೆ ಹೊರಟು, ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿದೆ. ಹದಿನಾರನೇ ವಯಸ್ಸಿನಲ್ಲಿ ಚರ್ಚಿನ ದೀಕ್ಷೆಗೆ ಹೊಲಿಸಿದ ಸೂಟನ್ನೇ ವೆರ್ನಿ ಮದುವೆಗೂ ಹಾಕಿಕೊಂಡಿದ್ದ. "ಬಟ್ಟೆ ಗಟ್ಟಿಯಾಗಿದೆ, ಇನ್ನೊಂದು ಯಾಕೆ" ಅನ್ನುವುದು ಅವನ ವಾದ. ಸೂಟು ಹದಿನಾರಕ್ಕೇ ನಿಂತಿತ್ತು, ವೆರ್ನಿ ನಿಂತಿರಲಿಲ್ಲ. ಮನೆಗೆ ಬಂದವರೆಲ್ಲ ಫೋಟೋ ಮುಂದೆ ನಿಂತು ಮೊದಲು ಮದುಮಗನ ಕಣಕಾಲು ನೋಡಿ, ಆಮೇಲೆ ಮದುಮಗಳನ್ನು ನೋಡಿ, "ಪಾಪ" ಅನ್ನುತ್ತಿದ್ದರು. ಆ ಪಾಪ ಯಾರಿಗೆ ಅಂತ ಮಾರ್ಲಿಸ್ ಯಾವತ್ತೂ ಕೇಳಲಿಲ್ಲ. ಸೂಟು ಮಾತ್ರ ಇನ್ನೂ ಬೀರುವಿನ ಹಿಂಭಾಗದಲ್ಲಿ ನುಸಿಗುಳಿಗೆಗಳ ಬೆಂಗಾವಲಿನಲ್ಲಿ ಚಿರಂಜೀವಿಯಾಗಿ ಕೂತಿತ್ತು. ಎಸೆಯಲು ವೆರ್ನಿ ಬಿಡುತ್ತಿರಲಿಲ್ಲ.

ಈ ಸಲ ಮಾರ್ಲಿಸ್ ತಾನೇ ಅಂಗಡಿಗೆ ಹೋಗಿ ತನ್ನ ನೀಲಿ ಉಡುಪಿಗೆ ಒಪ್ಪುವಂಥ ಕಡುನೀಲಿ ಸೂಟು ತಂದಳು. ಪ್ಯಾಂಟು ಬೂಟಿನವರೆಗೆ ಇಳಿಯುತ್ತಿತ್ತು. ಬೂಟೂ ಹೊಸದು.

"ಕೊಡು, ನನ್ನ ಪೆಟ್ಟಿಗೇಲಿ ಮಡಚಿ ಇಡ್ತೀನಿ" ಎಂದಳು.

"ಬೇಡ. ನನ್ನ ಬಟ್ಟೆ ನನ್ನ ಮೀನಲ್ಲಿ ಬರುತ್ತೆ. ನಾನು ಹಡಗಿಗೆ ಈಜಿಕೊಂಡೇ ಬರ್ತೀನಿ."

ಮೀನು ಎಂದರೆ ಮೀನಿನಾಕಾರದ ಚೀಲ. ಬೇಸಿಗೆ ಬಂತೆಂದರೆ ಬಾಸೆಲ್‌ನ ಜನ ಕೆಲಸ ಮುಗಿಸಿ, ನದಿಯ ಮೇಲ್ಗಡೆ ಹೋಗಿ, ಉಟ್ಟ ಬಟ್ಟೆ ಬಿಚ್ಚಿ ಈ ಚೀಲಕ್ಕೆ ತುರುಕಿ, ಅದನ್ನು ಅಪ್ಪಿಕೊಂಡು ನೀರಿಗಿಳಿಯುತ್ತಾರೆ. ಹೊಳೆಯೇ ಅವರನ್ನು ಹೊತ್ತು ಊರ ಕೆಳಗಡೆ ತಂದು ಬಿಡುತ್ತದೆ. ಅಲ್ಲಿ ಹತ್ತಿ, ಒಣ ಬಟ್ಟೆ ಹಾಕಿಕೊಂಡು ಮನೆಗೆ ಹೋಗುವುದು. ಬಟ್ಟೆ ಒಣಗಿರಬೇಕಾದರೆ ಚೀಲದ ಬಾಯಿಯನ್ನು ಏಳು ಸಲ ಸುತ್ತಿ ಬಿಗಿಯಬೇಕು. ವೆರ್ನಿ ಮೂರೇ ಸಲ ಸುತ್ತುತ್ತಿದ್ದ. ಉಳಿದ ನಾಲ್ಕು ಸುತ್ತಿನ ಕೆಲಸವನ್ನು ಆತ್ಮವಿಶ್ವಾಸ ಮಾಡುತ್ತದೆ ಎಂದು ಅವನ ನಂಬಿಕೆ.

"ಹೋದ ವರ್ಷ ನಿನ್ನ ಶರ್ಟು ಮೀನಿನ ಸಾರಿನ ಹಾಗೆ ಸುರೀತಿತ್ತು" ಎಂದಳು ಮಾರ್ಲಿಸ್.

"ಅದು ಬೆವರು."

"ಸರಿ. ಚೀಲಕ್ಕೆ ಒಂದು ರಿಬ್ಬನ್ನಾದ್ರೂ ಕಟ್ಕೋ. ದಡದ ಮೇಲೆ ಎಲ್ಲರದ್ದೂ ಅದೇ ಕೆಂಪು ಮೀನು."

"ನನ್ನ ಮೀನು ನನಗೆ ಗೊತ್ತಾಗಲ್ವಾ? ಹೆತ್ತ ಮಗಳಿಗೆ ಯಾರಾದ್ರೂ ಗುರುತಿಗೆ ರಿಬ್ಬನ್ ಕಟ್ತಾರಾ?"

"ಶಾಲೆಯಿಂದ ಒಂದ್ಸಲ ಬೇರೆಯವರ ಮಗೂನ ಕರ್ಕೊಂಡು ಬಂದಿದ್ದೆ ನೀನು."

ವೆರ್ನಿ ಹೊಸ ಸೂಟು ಬೂಟನ್ನು ಮೀನಿನ ಬಾಯಿಗೆ ತುರುಕಿ, ಘನತೆಯಿಂದ ತಲೆಯೆತ್ತಿಕೊಂಡು ಸ್ನಾನಕ್ಕೆ ಹೋದ. ಮೀನು ಮಂಚದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಮಾರ್ಲಿಸ್ ಅದನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತಳು.

ಆ ಮಧ್ಯಾಹ್ನ ಅವಳು ಎರಡು ಪೆಟ್ಟಿಗೆಗಳ ಜೊತೆ ಟ್ಯಾಕ್ಸಿ ಹತ್ತಿದಳು. ವೆರ್ನಿ ಈಜುಚಡ್ಡಿಯಲ್ಲಿ, ಬರಿಗಾಲಿನಲ್ಲಿ, ಮೀನು ಬಗಲಲ್ಲಿಟ್ಟುಕೊಂಡು ನದಿಗೆ ನಡೆದ. ದಡದಲ್ಲಿ ಸಂತೆಯ ಹಾಗೆ ಜನ. ಅಷ್ಟರಲ್ಲಿ ಹಿಂದೆ ತನ್ನ ಜೊತೆ ಟ್ರಾಮ್ ಓಡಿಸುತ್ತಿದ್ದ ಗೆಳೆಯನೊಬ್ಬ ಕಂಡ. ಕಂಡಮೇಲೆ ಹೇಳದೆ ಇರುವುದು ಹೇಗೆ? ವೆರ್ನಿ ಮೀನನ್ನು ಕೆಳಗಿಟ್ಟ, ಯಾಕೆಂದರೆ ಹಡಗಿನ ಉದ್ದ ತೋರಿಸಲು ಎರಡೂ ಕೈ ಬೇಕಿತ್ತು.

"ಕ್ಯಾಪ್ಟನ್ ಜೊತೆ ಊಟವಂತೆ" ಎಂದ. "ಬರ್ಲೇಬೇಕು ಅಂತ ಹಟ ಹಿಡಿದಿದಾನೆ."

"ಮತ್ತೆ ಚಡ್ಡೀಲಿ ಹೋಗ್ತಿದೀಯಲ್ಲ?"

"ಎಲ್ಲ ಇದರಲ್ಲಿದೆ" ಎಂದು ವೆರ್ನಿ ಬಗ್ಗಿ ಒಂದು ಕೆಂಪು ಮೀನನ್ನು ಎತ್ತಿಕೊಂಡು ನೀರಿಗೆ ಹಾರಿದ.

ಆಹಾ, ಏನು ವೈಭವ! ಹೊಳೆ ಅವನನ್ನು ಹೊಗಳುಭಟ್ಟನ ಹಾಗೆ ಹೊತ್ತು ಸಾಗಿತು. ಸೇತುವೆಗಳು ಒಂದೊಂದಾಗಿ ತಲೆಯ ಮೇಲೆ ಹಾದುಹೋದವು. ಸೇತುವೆಯ ಮೇಲಿದ್ದ ಪ್ರವಾಸಿಗಳು ಕೈಬೀಸಿದರು. ವೆರ್ನಿ ದೊರೆಯ ಹಾಗೆ ತಲೆಯಾಡಿಸಿದ. ಮೀನು ಎಂದಿಗಿಂತ ಹಗುರವಾಗಿದೆ ಅನ್ನಿಸಿತು. ಪರವಾಗಿಲ್ಲ, ಒಳ್ಳೆಯ ಸೂಟು ಹಗುರವಾಗಿಯೇ ಇರುತ್ತದೆ.

ಕೊನೆಯ ಸೇತುವೆಗೆ ಮುಂಚೆ ದಡ ಹತ್ತಿ, ಹಡಗು ನಿಲ್ಲುವ ಕಟ್ಟೆಗೆ ನಡೆದು, ನೀರು ಸುರಿಸುತ್ತಾ ಒಳಹೊಕ್ಕ. ಒಳಗೆ ರತ್ನಗಂಬಳಿ. ಗಂಬಳಿಯ ಮೇಲೆ ಕೆನೆಬಣ್ಣದ ಪ್ಯಾಂಟು, ಮುತ್ತಿನ ಸರ, ಹೆಗಲ ಮೇಲೆ ಶಾಲು ಹಾಕಿಕೊಂಡ ಜನ ಸಾಲಾಗಿ ನಿಂತು ಬೀಗದ ಕೈ ಪಡೆಯುತ್ತಿದ್ದರು. ಸಾಲು ಇಬ್ಭಾಗವಾಗಿ ಅವನಿಗೆ ದಾರಿ ಬಿಟ್ಟಿತು. ಸ್ವಾಗತದ ಮೇಜಿನಲ್ಲಿ ಹಂಗೇರಿಯ ಹುಡುಗಿ ಇಲ್ದಿಕೊ ಕೂತಿದ್ದಳು.

"ಸಾರ್, ಹಡಗು ಇನ್ನೂ ಹೊರಟೇ ಇಲ್ಲ" ಎಂದಳು ಮೆಲ್ಲಗೆ. "ಬೆನ್ನಟ್ಟಿ ಬರೋ ಅಗತ್ಯ ಇರ್ಲಿಲ್ಲ."

"ನಾನು ಹೀಗೇ ಬರೋದು" ಎಂದ ವೆರ್ನಿ.

ಹಿಂದಿದ್ದ ಇಂಗ್ಲಿಷ್ ಮುದುಕಿಗೆ ಇದು ಅರ್ಥವಾಗಲಿಲ್ಲ. ಆದರೆ ಒದ್ದೆಯಾದ ಮುದುಕನೊಬ್ಬ ಕಣ್ಣೆದುರಿಗೆ ನಿಂತಿದ್ದಾನೆ ಅನ್ನುವುದು ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತದೆ. "ಅಯ್ಯೋ, ಬಿದ್ದುಬಿಟ್ಟಿದಾನೆ" ಎಂದು ತನ್ನ ಶಾಲನ್ನು ಅವನಿಗೆ ಹೊದಿಸಿದಳು. ಮಾತು ಸಾಲಿನ ಉದ್ದಕ್ಕೂ ಹರಿಯಿತು. ಮೊದಲು ಒಬ್ಬ ಬಿದ್ದ, ಆಮೇಲೆ ಇಬ್ಬರು ಬಿದ್ದರು, ಹಡಗಿನ ಮೇಲ್ಮಾಳಿಗೆ ತಲುಪುವ ಹೊತ್ತಿಗೆ ಒಬ್ಬ ಇನ್ನೊಬ್ಬನನ್ನು ಉಳಿಸಲು ಹಾರಿದ್ದ. ಯಾರೋ ಬಿಸಿ ಚಹಾ ತಂದರು. ಯಾರೋ ಅಂಗಾಲು ಉಜ್ಜಿದರು. ಕೊನೆಗೆ ಬಿಳಿ ಸಮವಸ್ತ್ರದ ಡಚ್ ಕ್ಯಾಪ್ಟನ್ನೇ ಇಳಿದು ಬಂದ.

"ನನ್ನ ಹಡಗಿನಿಂದ ಇಷ್ಟು ವರ್ಷದಲ್ಲಿ ಯಾರೂ ಬಿದ್ದಿಲ್ಲ" ಎಂದ ಬೇಸರದಿಂದ. "ನೀವು ಹತ್ತೋಕೆ ಮುಂಚೇನೇ ಬಿದ್ರಲ್ಲ."

ಕೋಣೆಗೆ ಬಂದಾಗ ಮಾರ್ಲಿಸ್ ನೀಲಿ ಉಡುಪಿನಲ್ಲಿ ಸಿದ್ಧಳಾಗಿ, ಕನ್ನಡಿಯ ಮುಂದೆ ಕಿವಿಗೆ ಓಲೆ ಹಾಕಿಕೊಳ್ಳುತ್ತಿದ್ದಳು. ವೆರ್ನಿಯ ಎದೆ ಒಂದು ಕ್ಷಣ ಮದುವೆಯ ದಿನದ ಇಪ್ಪತ್ತೇಳು ವರ್ಷದ್ದಾಯಿತು.

"ಬೇಗ ಬಟ್ಟೆ ಹಾಕ್ಕೋ. ಫೋಟೋದವನು ಕೆಳಗೆ ದೀಪ ಜೋಡಿಸ್ತಿದಾನೆ."

ವೆರ್ನಿ ಮೀನಿನ ಬಾಯಿ ಬಿಚ್ಚಿದ. ಬಾಯಿ ಏಳು ಸಲ ಸುತ್ತಿತ್ತು. ಒಳಗಿಂದ ಮೊದಲು ಗಿಳಿಗಳ ಚಿತ್ರವಿದ್ದ ಅಂಗಿ ಬಂತು. ಆಮೇಲೆ ಅಂಚು ಹರಿದ ಒಂದು ಚಡ್ಡಿ. ಆಮೇಲೆ ತೂತು ತೂತಿನ ಹಳದಿ ರಬ್ಬರ್ ಚಪ್ಪಲಿ, ಬಾಳೆಹಣ್ಣಿನ ಬಣ್ಣದ್ದು. ತಳದಲ್ಲಿ ಒಂದು ಫೋನು.

ಮಾರ್ಲಿಸ್ ಗಿಳಿಗಳನ್ನು ನೋಡಿದಳು. ಗಿಳಿಗಳು ಮಾರ್ಲಿಸ್‌ಳನ್ನು ನೋಡಿದವು.

"ಹೆತ್ತ ಮಗಳು" ಎಂದಳು.

ಅಷ್ಟರಲ್ಲಿ ಹಡಗು ಒಮ್ಮೆ ನಡುಗಿ, ಕೂಗಿ, ಕಟ್ಟೆ ಬಿಟ್ಟಿತು. ಕಿಟಕಿಯಲ್ಲಿ ಬಾಸೆಲ್ ನಿಧಾನವಾಗಿ ಹಿಂದಕ್ಕೆ ಸರಿಯತೊಡಗಿತು. ಅದರ ಜೊತೆಗೆ ಕಡುನೀಲಿ ಸೂಟೂ, ನಲವತ್ತು ವರ್ಷ ಕಾದ ಫೋಟೋನೂ. ವೆರ್ನಿ ಮಂಚದ ಅಂಚಿನಲ್ಲಿ ಕುಸಿದ. ಅಷ್ಟು ಹೊತ್ತಿಗೆ ಮಂಚದ ಮೇಲಿದ್ದ ಫೋನು ರಿಂಗಾಯಿತು.

"ಹಲೋ, ಆ ಫೋನು ನಂದು" ಎಂದಿತು ಒಂದು ಎಳೆಯ ದನಿ.

"ಆ ಸೂಟು ನಂದು" ಎಂದ ವೆರ್ನಿ.

"ಗೊತ್ತಾಯ್ತು ಸಾರ್. ನಾನು ಸಿಲ್ವಾನ್ ಅಂತ. ಕ್ಷಮಿಸಿ, ನಿಮ್ಮ ಸೂಟು ಈಗ ನನ್ನ ಮೈಮೇಲಿದೆ. ನನ್ನ ಹುಡುಗಿ ಮನೇಲಿ ಇವತ್ತು ಮೊದಲನೇ ಸಲ ಊಟಕ್ಕೆ ಕರೆದಿದ್ರು. ದಡದಲ್ಲಿ ಮೀನು ಬಿಚ್ಚಿದ್ರೆ ಇದು. ಬೇರೆ ದಾರಿ ಇರ್ಲಿಲ್ಲ. ಅವಳ ಫೋನಲ್ಲಿ, ಅವರ ಬಚ್ಚಲಮನೆಯಿಂದ ಮಾತಾಡ್ತಿದೀನಿ."

"ನಾವು ಹೊರಟುಬಿಟ್ವಲ್ಲಪ್ಪ."

"ಅದಿರಲಿ ಸಾರ್, ಇದನ್ನ ಎಲ್ಲಿ ತಗೊಂಡ್ರಿ? ಅವರಮ್ಮ ಬಾಗಿಲಲ್ಲೇ ಕೈ ಹಿಡ್ಕೊಂಡು, ಈಗಿನ ಹುಡುಗರಲ್ಲಿ ಇಂಥ ಅಭಿರುಚಿ ಎಲ್ಲಿದೆ ಅಂದ್ರು. ಸ್ವಲ್ಪ ನುಸಿಗುಳಿಗೆ ವಾಸನೆ ಬರುತ್ತೆ, ಅದು ಹಳೇ ಕಾಲದ ಅತ್ತರು ಅಂದ್ಕೊಂಡಿದಾರೆ. ಪ್ಯಾಂಟು ಅಂತೂ ಬೊಂಬಾಟ್. ಸರಿಯಾಗಿ ಕಣಕಾಲಿಂದ ಮೇಲೆ ನಿಲ್ಲುತ್ತೆ. ಈಗ ಅದೇ ಫ್ಯಾಶನ್ನು."

ವೆರ್ನಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಎಲ್ಲಿ ನಿಲ್ಲುತ್ತೆ ಅಂದೆ?"

"ಕಣಕಾಲಿಂದ ಮೇಲೆ. ಒಂದೇ ಪ್ರಶ್ನೆ ಸಾರ್, ಬಾಯಿ ಎಷ್ಟು ಸಲ ಸುತ್ತಿದ್ರಿ? ಎಡಗೈ ತೋಳು ಪೂರಾ ಒದ್ದೆ."

"ಅದು ಈಗ ಮುಖ್ಯ ಅಲ್ಲ" ಎಂದು ವೆರ್ನಿ ಫೋನು ಎದೆಗೊತ್ತಿಕೊಂಡು ಹೆಂಡತಿಯ ಕಡೆ ತಿರುಗಿದ. ಮಾರ್ಲಿಸ್ ಕಿಟಕಿಯ ಹತ್ತಿರ ನಿಂತು, ದಿನಾ ನೋಡಿದ ನದಿಯನ್ನು ಇದೇ ಮೊದಲ ಸಲ ನೋಡುವವಳ ಹಾಗೆ ನೋಡುತ್ತಿದ್ದಳು.

"ಮಾರ್ಲಿಸ್. ಮೀನಿನೊಳಗೆ ಯಾವ ಸೂಟು ಇತ್ತು?"

"ನೀರಿಗೆ ಬಿದ್ರೂ ನನಗೆ ಅಳು ಬರದಂಥ ಸೂಟು."

"ನನ್ನ ಮದುವೆ ಸೂಟು!"

"ಕೂಗಬೇಡ. ಹುಡುಗ ಕೇಳಿಸ್ಕೋತಿದಾನೆ."

ವೆರ್ನಿ ಫೋನನ್ನು ಮತ್ತೆ ಕಿವಿಗಿಟ್ಟ. ಆ ಕಡೆಯಿಂದ ಬಾಗಿಲು ತಟ್ಟುವ ಸದ್ದು, ಹೆಣ್ಣುದನಿಯೊಂದು "ಸಿಲ್ವಾನ್, ಸೂಪು ಆರ್ತಿದೆ" ಅನ್ನುವುದು ಕೇಳಿಸಿತು. ಆ ದನಿಯಲ್ಲಿ ಒಂದು ಅವಸರದ ಅಕ್ಕರೆ ಇತ್ತು. ವೆರ್ನಿಗೆ ಅದು ಎಲ್ಲೋ ಕೇಳಿದ್ದು ಅನ್ನಿಸಿತು.

"ನೋಡಪ್ಪ, ಫೋನು ನಾಳೆ ಪೋಸ್ಟಲ್ಲಿ ಕಳಿಸ್ತೀನಿ" ಎಂದ. "ಸೂಟು ನೀನೇ ಇಟ್ಕೋ. ಬಟ್ಟೆ ಗಟ್ಟಿಯಾಗಿದೆ. ಅದನ್ನ ಹಾಕ್ಕೊಂಡೇ ನನಗೆ ಒಳ್ಳೇ ಹೆಂಡತಿ ಸಿಕ್ಕಿದ್ದು. ಹೋಗು, ಸೂಪು ಆರುತ್ತೆ."

ಕಿಟಕಿಯ ಹತ್ತಿರ ಮಾರ್ಲಿಸ್ ಕಣ್ಣಿಗೆ ಏನೋ ಬಿದ್ದವಳ ಹಾಗೆ ಒರೆಸಿಕೊಂಡಳು. ಆದರೂ ತಿರುಗಲಿಲ್ಲ. ಅವಳ ಎರಡು ಪೆಟ್ಟಿಗೆಗಳು ಗೋಡೆಗೊರಗಿ ನಿಂತಿದ್ದವು. ಎರಡನೆಯದು ಒಬ್ಬ ಹೆಂಗಸಿಗೆ ಬೇಕಾದ್ದಕ್ಕಿಂತ ಬಹಳ ದೊಡ್ಡದಿತ್ತು. ವೆರ್ನಿ ಅದನ್ನು ನೋಡಿದ. ಬೀಗ ಹಾಕಿತ್ತು.

"ಆ ಪೆಟ್ಟಿಗೇಲಿ..." ಎಂದು ಶುರುಮಾಡಿದ.

"ಏನಾದ್ರೂ ಕೇಳಬೇಕಿತ್ತಾ, ವೆರ್ನಿ?"

ಕೆಳಗೆ ಪಿಯಾನೋ ಶುರುವಾಗಿತ್ತು. ಜನ ಮೆಟ್ಟಿಲಿಳಿಯುವ ಸದ್ದು ಬರುತ್ತಿತ್ತು. ಬೆಳಗಿನ ಶಪಥ ಒಮ್ಮೆ ಬಾಗಿಲ ಹತ್ತಿರ ಬಂದು ಇಣುಕಿ ನೋಡಿ, ಒದ್ದೆ ಚಡ್ಡಿಯಲ್ಲಿ ಕೂತವನನ್ನು ಕಂಡು, ಬಂದ ದಾರಿಯಲ್ಲೇ ಹೊರಟುಹೋಯಿತು. ವೆರ್ನಿ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ.

"ಮಾರ್ಲಿಸ್, ನಾನು ಏನು ಹಾಕ್ಕೊಳ್ಲಿ?"

ಬೀಗದ ಕೈ ಅವಳ ಅಂಗೈಯಲ್ಲೇ ಇತ್ತು. ಪೆಟ್ಟಿಗೆ ತೆರೆದರೆ ಎಲ್ಲಕ್ಕಿಂತ ಮೇಲೆ, ಒಂದು ಸುಕ್ಕಿಲ್ಲದೆ, ಕಡುನೀಲಿ ಸೂಟು. ಕೆಳಗೆ ಇಸ್ತ್ರಿ ಮಾಡಿದ ಶರ್ಟು, ಟೈ, ಆಮ್‌ಸ್ಟರ್‌ಡ್ಯಾಮ್‌ವರೆಗೆ ಸಾಲುವ ಬನಿಯನ್ನು, ಕಾಲುಚೀಲ. ವೆರ್ನಿ ಹಾಕಿಕೊಂಡ. ಪ್ಯಾಂಟು ಇಳಿಯಿತು, ಇಳಿಯಿತು, ಇಳಿಯಬೇಕಾದಲ್ಲಿಗೇ ಇಳಿದು ನಿಂತಿತು. ಮಾರ್ಲಿಸ್ ಎರಡು ಹೆಜ್ಜೆ ಹಿಂದೆ ಸರಿದು, ನಲವತ್ತು ವರ್ಷ ಉಳಿಸಿಟ್ಟ ನೋಟವೊಂದನ್ನು ಅವನ ಮೇಲೆ ಖರ್ಚು ಮಾಡಿದಳು.

"ಬೂಟು?" ಎಂದ ವೆರ್ನಿ.

ಮಾರ್ಲಿಸ್ ಪೆಟ್ಟಿಗೆಯ ತಳ ಮುಟ್ಟಿದಳು. ಪಕ್ಕದ ಜೇಬು ನೋಡಿದಳು. ಇನ್ನೊಂದು ಪೆಟ್ಟಿಗೆಯನ್ನೂ ನೋಡಿದಳು. ಆಮೇಲೆ ಮಂಚದ ಮೇಲೆ ಕೂತುಬಿಟ್ಟಳು.

"ಸೂಟು ಬದಲಾಯಿಸಿದೆ" ಎಂದಳು. "ಬೂಟು ತೆಗೆಯೋದು ಮರೆತೆ."

ಇಬ್ಬರೂ ನಿಧಾನವಾಗಿ ಹಳದಿ ಚಪ್ಪಲಿಗಳ ಕಡೆ ನೋಡಿದರು. ಸಿಲ್ವಾನ್‌ನ ಕಾಲೂ ವೆರ್ನಿಯ ಕಾಲಿನಷ್ಟೇ ದೊಡ್ಡದಿರಬೇಕು. ವೆರ್ನಿಗೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂತವು.

ಮೆಟ್ಟಿಲ ಕೆಳಗೆ ಕ್ಯಾಪ್ಟನ್ ಕೈಕುಲುಕಲು ನಿಂತಿದ್ದ. ಸೂಟು ನೋಡಿ ತಲೆದೂಗಿದ, ಕೆಳಗೆ ನೋಡಿ ಗಂಭೀರನಾದ. "ಒಳ್ಳೇದೇ ಮಾಡಿದ್ರಿ. ಮತ್ತೆ ಬಿದ್ರೆ ಅವು ತೇಲ್ತವೆ."

ಫೋಟೋದವನು ದಯೆಯುಳ್ಳ ಮನುಷ್ಯ. ಗಂಡಹೆಂಡತಿಯನ್ನು ದೀಪದ ಮುಂದೆ ನಿಲ್ಲಿಸಿ, ಒಂದೇ ನೋಟದಲ್ಲಿ ಸಂಕಟ ಅರ್ಥಮಾಡಿಕೊಂಡು ಕಣ್ಣು ಮಿಟುಕಿಸಿದ. "ಚಿಂತೆ ಮಾಡಬೇಡಿ. ಸೊಂಟದಿಂದ ಮೇಲಷ್ಟೇ ತೆಗೀತೀನಿ. ಯಾರಿಗೂ ಗೊತ್ತಾಗಲ್ಲ."

ವೆರ್ನಿ ಕೃತಜ್ಞತೆಯಿಂದ ಉಸಿರು ಬಿಟ್ಟ. ಮಾರ್ಲಿಸ್ ಗಂಡನ ತೋಳು ಹಿಡಿದು, ಮುಖ ನೋಡಿದಳು, ಕೋಟು ನೋಡಿದಳು, ಆಮೇಲೆ ಕೆಳಗೆ ಬಾಳೆಹಣ್ಣಿನ ಹಾಗೆ ಬೆಳಗುತ್ತಿದ್ದ ಪಾದಗಳನ್ನು ಬಹಳ ಹೊತ್ತು ನೋಡಿದಳು.

"ಬೇಡಪ್ಪ" ಎಂದಳು ಫೋಟೋದವನಿಗೆ. "ಕಾಲೂ ಬರ್ಲಿ. ಇಲ್ದಿದ್ರೆ ಇವನೇ ನನ್ನ ಗಂಡ ಅಂದ್ರೆ ಮನೇಲಿ ಯಾರೂ ನಂಬಲ್ಲ."