ಹಚ್ಚೆ ಹುಚ್ಚು ಹತ್ತಿದ ರೈಟರ್

ಅದೇನೋ ಗೊತ್ತಿಲ್ಲ, ಮೈಮೇಲೆ ಮಸಿ ಬಿದ್ದ ದಿನದಿಂದ ನನಗೆ ಯಾವುದೂ ನೆಟ್ಟಗೆ ನಡೆದೇ ಇಲ್ಲ. ಬೇರೆಯವರು ಹಚ್ಚೆ ಹಾಕಿಸಿಕೊಂಡು ಸುಮ್ಮನೆ ಮನೆಗೆ ಹೋಗುತ್ತಾರೆ. ನಾನು ಹಾಕಿಸಿಕೊಂಡರೆ ಮಾತ್ರ ಊರಿಗೆಲ್ಲ ಕೆಲಸ ಹತ್ತುತ್ತದೆ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ನಾನಾಗ ಮೂಡಿಗೆರೆ ಹತ್ತಿರದ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಅಂದರೆ ಕಥೆ ಬರೆಯುವವನಲ್ಲ, ತೋಟದ ಆಳುಗಳ ಹಾಜರಿ ಬರೆಯುವವನು. ನಮ್ಮ ಸ್ವಂತ ಮನೆ ಅತ್ತಿಗುಂಡಿ ಕಡೆ, ಗುಡ್ಡದ ಮೇಲೆ. ಅಲ್ಲಿ ನಾಲ್ಕೆಕರೆ ಅರೇಬಿಕಾ ಕಾಫಿ, ಅಮ್ಮ, ಅಜ್ಜಿ. ನನಗೆ ಇಪ್ಪತ್ತೆಂಟು ತುಂಬಿತ್ತು, ನಾಲ್ಕು ಸಂಬಂಧ ಬಂದು ವಾಪಸ್ ಹೋಗಿದ್ದವು. ಅಮ್ಮನಿಗೆ ಅದೇ ಚಿಂತೆ. ಅವರ ಪ್ರಕಾರ ಹಚ್ಚೆ ಹೆಂಗಸರಿಗೆ ಲಕ್ಷಣ, ಗಂಡಸರು ಹಾಕಿಸಿಕೊಂಡರೆ ಪುಂಡರು, ಪುಂಡರಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ನನಗೋ, ಮದುವೆಯೂ ಬೇಕಿತ್ತು, ಹಚ್ಚೆಯೂ ಬೇಕಿತ್ತು.

೧. ಮೊದಲನೆಯದು

ಚಿಕ್ಕಮಗಳೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಂದಿಯಲ್ಲಿ ಗಾಡಿಗಳಿಗೆ ನಂಬರ್ ಪ್ಲೇಟ್ ಬರೆಯುವವನೊಬ್ಬ ಎಲ್ಲಿಂದಲೋ ಟ್ಯಾಟೂ ಮೆಷಿನ್ ತರಿಸಿದ್ದ. ‘ಸ್ಟಿಕ್ಕರ್ ಕಟಿಂಗ್’ ಬೋರ್ಡಿನ ಕೆಳಗೆ ‘ಟ್ಯಾಟೂ ಹಾಕಲಾಗುವುದು’ ಅಂತ ಹೊಸ ಬೋರ್ಡು ನೇತುಬಿದ್ದಿತ್ತು. ಮೂರು ಭಾನುವಾರ ಆ ಬೋರ್ಡನ್ನೇ ಓದಿಕೊಂಡು ವಾಪಸ್ ಬಂದೆ. ನಾಲ್ಕನೇ ಭಾನುವಾರ ಒಳಗೆ ಹೋದೆ.

“ಎಂತ ಹಾಕ್ಬೇಕು ಸಾರ್? ಹದ್ದಿದೆ, ಡ್ರ್ಯಾಗನ್ ಇದೆ, ತಲೆಬುರುಡೆ ಇದೆ.”

“ಒಂದು ಕಾಫಿ ಬೀಜ.”

ಅವನು ಆಲ್ಬಮ್ಮಿನಿಂದ ತಲೆ ಎತ್ತಿದ. “ಡ್ರ್ಯಾಗನ್ ಬಾಯೊಳಗಾ?”

“ಅಲ್ಲ ಮಾರಾಯ. ಬರೀ ಬೀಜ.”

ಸ್ವಲ್ಪ ನಿರಾಸೆಯಾಯಿತು ಅವನಿಗೆ. ಆದರೂ ನನ್ನ ಎಡತೋಳನ್ನು ಮೇಜಿನ ಮೇಲೆ ಇಟ್ಟುಕೊಂಡು, ಸ್ಕೇಲಿನಿಂದ ಅಳೆದು, ಮೇಲೊಂದು ಕೆಳಗೊಂದು ಗೆರೆ ಎಳೆದ. ಹೊಸ ಸೂಜಿಯ ಪೊಟ್ಟಣ ನನ್ನ ಕಣ್ಣೆದುರೇ ಒಡೆದ. ಮೆಷಿನ್ ಗುಂಯ್ ಎಂದಿತು. ನಾನು ಕರವಸ್ತ್ರ ಕಚ್ಚಿ ಹಿಡಿದೆ. ನೋವು ಅಂದರೆ ನೋವೇ, ಸುಳ್ಳು ಹೇಳಲಾರೆ. ಆದರೆ ಅರ್ಧ ಗಂಟೆ ಕಳೆದು ತೋಳು ನೋಡಿಕೊಂಡಾಗ ಆದ ಸಂತೋಷ, ನನಗೆ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಿರಲಿಲ್ಲ.

ಅವನು ಮೂರು ಹೆಜ್ಜೆ ಹಿಂದೆ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿದ.

“ಇಪ್ಪತ್ತಡಿ ದೂರದಿಂದ್ಲೂ ನೀಟಾಗಿ ಕಾಣುತ್ತೆ ಸಾರ್. ಪೊಲೀಸ್ನೋರು ಹಿಡಿಯಲ್ಲ.”

೨. ಇಂಬಳ

ಹೊಸ ಹಚ್ಚೆಗೆ ಬಟ್ಟೆ ತಾಗಿದರೆ ಉರಿಯುತ್ತದೆ. ಹಾಗಾಗಿ ಮರುದಿನ ತೋಟದಲ್ಲಿ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಓಡಾಡುತ್ತಿದ್ದೆ. ಜುಲೈ ತಿಂಗಳು, ನಾಲ್ಕು ದಿನದಿಂದ ಬಿಡದೆ ಜಡಿಮಳೆ. ನನ್ನ ಕಾಫಿ ಬೀಜ ಊದಿಕೊಂಡು ಕಪ್ಪಗೆ, ಉದ್ದಕ್ಕೆ, ಮಿರಮಿರ ಮಿಂಚುತ್ತಿತ್ತು.

ಕಳೆ ತೆಗೆಯುತ್ತಿದ್ದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಾಕೆಯ ಕಣ್ಣು ಅದರ ಮೇಲೆ ಬಿತ್ತು.

“ಅಯ್ಯೋ ರೈಟರೇ! ಅಲ್ಲಾಡ್ಬೇಡಿ, ಅಲ್ಲಾಡ್ಬೇಡಿ!”

ಯಾಕೆ ಅಂತ ಕೇಳುವಷ್ಟರಲ್ಲಿ ಆಕೆ ಸೊಂಟದಿಂದ ಉಪ್ಪು, ಹೊಗೆಸೊಪ್ಪು ಸೇರಿಸಿ ಕಟ್ಟಿದ ಗಂಟು ತೆಗೆದು ನನ್ನ ಹಚ್ಚೆಯ ಮೇಲೆ ತಿಕ್ಕಿದಳು. ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ, ಕಚ್ಚಿದರೆ ಬಿಡಿಸುವುದಕ್ಕೆ ನಮ್ಮಲ್ಲಿ ಎಲ್ಲರ ಸೊಂಟದಲ್ಲೂ ಅಂಥ ಗಂಟು ಇರುತ್ತದೆ. ಹಸಿ ಗಾಯಕ್ಕೆ ಉಪ್ಪು ಬಿದ್ದದ್ದೇ ತಡ, ನಾನು ಕಾಫಿ ಗಿಡಗಳ ಮಧ್ಯೆ ಕುಣಿಯತೊಡಗಿದೆ.

“ಹಿಡ್ಕೊಳ್ರೇ! ಕಚ್ಚಿ ಕೂತಿದೆ, ಬಿಡ್ತಾನೇ ಇಲ್ಲ!”

ಇನ್ನಿಬ್ಬರು ಹೆಂಗಸರು ಬಂದು ಕೈ ಹಿಡಿದುಕೊಂಡರು. ಮೇಸ್ತ್ರಿ ಎಲೆಯಡಿಕೆ ಡಬ್ಬಿಯ ಸುಣ್ಣ ಹಿಡಿದುಕೊಂಡು ಗುಡ್ಡ ಇಳಿದು ಓಡಿ ಬರುತ್ತಿದ್ದ. ಸುಣ್ಣ ನೋಡಿದ ಮೇಲೆ ನನಗೆ ಬಾಯಿ ಬಂತು.

“ಅದು ಇಂಬಳ ಅಲ್ಲ! ಹಚ್ಚೆ! ಹಚ್ಚೆ!”

ಎಲ್ಲರೂ ಕೈ ಬಿಟ್ಟರು. ಹಿರಿಯಾಕೆ ಬಗ್ಗಿ ಹತ್ತಿರದಿಂದ ನೋಡಿದಳು.

“ಪ್ಯಾಟೆಗೆ ಹೋಗಿ ಇಂಬಳ ಹಾಕಿಸ್ಕೊಂಡು ಬಂದ್ರಾ ರೈಟರೇ? ಒಂದ್ ಮಾತು ಹೇಳಿದ್ರೆ ನಾವೇ ಕೊಡ್ತಿದ್ವಲ್ಲ, ನನ್ ಕಾಲಲ್ಲೇ ಆರು ಅದಾವೆ.”

೩. ಮಕ್ಕಳ ಕ್ರೀಮು

ಉಪ್ಪು ಬಿದ್ದ ಮೇಲೆ ತೋಳು ಕೆಂಪಗಾಯಿತು. ನಂಬರ್ ಪ್ಲೇಟಿನವನಿಗೆ ಫೋನ್ ಮಾಡಿದೆ. “ಸಣ್ಣ ಮಕ್ಕಳಿಗೆ ಹಚ್ಚೋ ಕ್ರೀಮ್ ಸಿಗುತ್ತಲ್ಲ ಸಾರ್, ಅದನ್ನೇ ಹಚ್ಚಿ” ಎಂದ.

ಮೂಡಿಗೆರೆಯ ಮೆಡಿಕಲ್ ಶಾಪಿನವರು ಮೂಲದಲ್ಲಿ ಅತ್ತಿಗುಂಡಿ ಕಡೆಯವರೇ, ನಾನು ಅವರಿಗೆ ಪರಿಚಯದವನು. ನಮ್ಮ ಗುಡ್ಡದ ಕಡೆಯ ಅರ್ಧ ಜನರ ಕಾಯಿಲೆಯೂ ಅವರಿಗೆ ಪರಿಚಯ.

“ಯಾವ ಮಗುವಿಗೆ?” ಎಂದರು.

ಹಚ್ಚೆ ಅಂದರೆ ಸುದ್ದಿ ಅಮ್ಮನಿಗೆ ಮುಟ್ಟುತ್ತದೆ. “ಅಕ್ಕನ ಮಗುವಿಗೆ” ಅಂದುಬಿಟ್ಟೆ.

“ನಿಮಗೆ ಅಕ್ಕ ಇಲ್ಲ ಅಲ್ವಾ?”

“ಇಲ್ಲ” ಎಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ನಾನು.

ಅವರು ಕಪಾಟಿಗೆ ಕೈ ಹಾಕಿದರು. ಕ್ರೀಮನ್ನು ಎರಡು ಸುತ್ತು ಪೇಪರಿನಲ್ಲಿ ಸುತ್ತಿದರು. ಜೊತೆಗೊಂದು ಗ್ರೈಪ್ ವಾಟರ್ ಬಾಟಲಿಯನ್ನೂ ಇಟ್ಟು, ನನ್ನ ಮುಖ ನೋಡದೆ, “ಇದೂ ಇರ್ಲಿ. ಬೇಕಾಗುತ್ತೆ” ಎಂದರು.

ಶಾಪಿನವರು ಬಸ್ ಕಂಡಕ್ಟರನಿಗೆ ಹೇಳಿದರು, ಕಂಡಕ್ಟರ್ ಅತ್ತಿಗುಂಡಿಯ ಚಾ ಅಂಗಡಿಯಲ್ಲಿ ಹೇಳಿದ. ಭಾನುವಾರ ನಾನು ಮನೆ ಮುಟ್ಟಿದಾಗ ಅಮ್ಮ ಬಾಗಿಲಲ್ಲೇ ಕೂತಿದ್ದರು. ಅತ್ತು ಅತ್ತು ಕಣ್ಣು ಊದಿತ್ತು.

“ಗಂಡಾ, ಹೆಣ್ಣಾ?”

“ಎಂತದಮ್ಮಾ?”

“ಮಗು!”

ಇನ್ನು ಉಳಿಯುವ ದಾರಿ ಇರಲಿಲ್ಲ. ತೋಳು ಮಡಚಿ ತೋರಿಸಿದೆ. ಅಮ್ಮ ಎರಡು ನಿಮಿಷ ನೋಡಿ, ದೇವರ ಕೋಣೆಯ ಕಡೆ ತಿರುಗಿ ಕೈ ಮುಗಿದರು. “ಅಯ್ಯೋ ದೇವ್ರೇ, ಬರೀ ಹಚ್ಚೆನಾ! ಬದುಕ್ಕೊಂಡೆ!” ಆ ಸಂತೋಷಕ್ಕೆ ಕಡುಬು ಬೇಯಿಸಿದರು, ಕೋಳಿ ಸಾರು ಮಾಡಿದರು. ನಾನು ಹೊಟ್ಟೆ ಬಿರಿಯುವಷ್ಟು ತಿಂದು ಕೈ ತೊಳೆಯಲು ಏಳುವಾಗ ಅವರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಸೌಟು ಹಿಡಿದು ಅಟ್ಟಿಸಿಕೊಂಡು ಬಂದರು.

“ಹಚ್ಚೆ ಹಾಕಿಸ್ಕೊಂಡಿದ್ದೀಯ! ಮದುವೆ ಆಗೋ ತನಕ ಇನ್ನೊಂದು ಚುಕ್ಕಿ ಬಿದ್ರೂ ನಿಂಗೆ ಹೆಣ್ಣು ಹುಡುಕೋದು ಬಿಟ್ಟೆ, ತಿಳ್ಕೋ!”

ಇನ್ನು ಹಾಕಿಸಿಕೊಳ್ಳುವುದಿಲ್ಲ ಅಂತ ಭಾಷೆ ಕೊಟ್ಟೆ. ಒಲೆಯ ಹತ್ತಿರ ಕೂತಿದ್ದ ಅಜ್ಜಿ ಮಾತ್ರ ನನ್ನ ತೋಳು ಎಳೆದುಕೊಂಡು ನೋಡಿ, ಮೊಣಕೈವರೆಗೆ ಹಚ್ಚೆ ತುಂಬಿದ ತನ್ನ ಕೈಯನ್ನು ಪಕ್ಕಕ್ಕೆ ಹಿಡಿದಳು.

“ಇಷ್ಟಕ್ಕೇ ಇಷ್ಟು ಗಲಾಟೆನಾ? ಸೂಜಿ ನನ್ ಮೊಣಕೈಗೆ ಬರೋ ಹೊತ್ಗೆ ನಾನು ಒಂದು ನಿದ್ದೆ ಮುಗ್ಸಿದ್ದೆ.”

೪. ಮಳೆ ಪುಸ್ತಕ

ಹಾಕಿಸಿಕೊಳ್ಳುವುದಿಲ್ಲ ಅಂತ ಭಾಷೆ ಕೊಟ್ಟಿದ್ದೆನೇ ಹೊರತು ಯೋಚನೆ ಮಾಡುವುದಿಲ್ಲ ಅಂತಲ್ಲ. ಒಂದು ಹಚ್ಚೆ ಹಾಕಿಸಿಕೊಂಡವನಿಗೆ ಮೈಯಲ್ಲಿ ಉಳಿದ ಜಾಗವೆಲ್ಲ ಖಾಲಿ ಸೈಟಿನಂತೆ ಕಾಣುತ್ತದೆ. ಆಫೀಸಿನಲ್ಲಿ ಕೂತಾಗ ಕೈಗೆ ಸಿಕ್ಕಿದ್ದರ ಮೇಲೆ ಡಿಸೈನ್ ಬರೆಯುತ್ತಿದ್ದೆ. ಹಾಗೆ ಕೈಗೆ ಸಿಕ್ಕಿದ್ದರಲ್ಲಿ ಮಳೆ ಪುಸ್ತಕವೂ ಒಂದು.

ನಮ್ಮ ಕಡೆ ಪ್ರತಿ ಎಸ್ಟೇಟಿನಲ್ಲೂ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ಸಿನಲ್ಲಿ ಬರೆದಿಡುತ್ತಾರೆ. ಆಮೇಲೆ ಮಾಲೀಕರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿ ಯಾರಿಗೆ ಹೆಚ್ಚು ಮಳೆ ಅಂತ ಕೇಳಿಕೊಳ್ಳುತ್ತಾರೆ. ನಮ್ಮ ಸಾಹುಕಾರರಂತೂ ಕಾಫಿ ರೇಟಿನಲ್ಲಿ ಸೋತರೂ ಮಳೆಯಲ್ಲಿ ಸೋಲುವವರಲ್ಲ.

ಅವತ್ತು ಅವರೇ ಪುಸ್ತಕ ತೆಗೆದುಕೊಂಡು ಪಕ್ಕದ ಎಸ್ಟೇಟಿನವರ ಜೊತೆ ಫೋನಿನಲ್ಲಿದ್ದರು. “ಹನ್ನೊಂದನೇ ತಾರೀಕು ಒಂದು ಇಂಚು ನಲ್ವತ್ತು. ಹನ್ನೆರಡನೇ ತಾರೀಕು...” ಅಲ್ಲಿಗೆ ನಿಲ್ಲಿಸಿದರು. ಕನ್ನಡಕ ಮೇಲೇರಿಸಿ, ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದರು.

“ರೈಟರೇ, ಇದೆಂತದು?”

ಹನ್ನೆರಡನೇ ತಾರೀಕಿನ ಮನೆಯಲ್ಲಿ ಎರಡು ಇಂಚಿನ ಪಕ್ಕ ನವಿಲೊಂದು ಗರಿ ಬಿಚ್ಚಿ ನಿಂತಿತ್ತು. ಹದಿಮೂರರಂದು ಹಾವು. ಹದಿನಾಲ್ಕರಿಂದ ಇಪ್ಪತ್ತರವರೆಗೆ ಉದ್ದಕ್ಕೂ ಒಂದೇ ಕಾಫಿ ರೆಂಬೆ. ನನ್ನ ಕೆಲಸ ಹೋಯಿತು ಅಂತ ತೀರ್ಮಾನಿಸಿ ನಾನು ಎದ್ದು ನಿಂತೆ. ಅಷ್ಟರಲ್ಲಿ ಫೋನಿನ ಆಚೆ ಕಡೆಯವರು ಏನೋ ಹೇಳಿದ್ದು ನನಗೂ ಕೇಳಿಸಿತು. ಹನ್ನೆರಡನೇ ತಾರೀಕು ಅವರಲ್ಲಿ ಎರಡೂಕಾಲು ಇಂಚಂತೆ.

ಸಾಹುಕಾರರು ಫೋನಿನಿಂದ ಕೈ ತೆಗೆದು ಗಂಟಲು ಸರಿಮಾಡಿಕೊಂಡರು.

“ನಮ್ಮಲ್ಲಿ ಎರಡು ಇಂಚು, ಒಂದು ನವಿಲು. ನಿಮ್ಮಲ್ಲಿ ನವಿಲೆಷ್ಟು ಬಿತ್ತು?”

೫. ಬೆನ್ನು

ನವಿಲು, ಹಾವು ಎಲ್ಲ ಬಿಟ್ಟು ಕಡೆಗೆ ಆ ಕಾಫಿ ರೆಂಬೆಯೇ ಗೆದ್ದಿತು. ಬೆನ್ನ ಮೇಲೆ ಹಾಕಿಸಿಕೊಂಡರೆ ಅಂಗಿ ಮುಚ್ಚಿಕೊಳ್ಳುತ್ತದೆ, ಯಾರು ನೋಡುತ್ತಾರೆ ಅಂತ ಧೈರ್ಯ. ನಮ್ಮದೇ ತೋಟದ ಅರೇಬಿಕಾ ರೆಂಬೆಯೊಂದನ್ನು ಒದ್ದೆ ಪೇಪರಿನಲ್ಲಿ ಸುತ್ತಿ ತೆಗೆದುಕೊಂಡು ಹೋಗಿ ನಂಬರ್ ಪ್ಲೇಟಿನವನ ಮುಂದೆ ಇಟ್ಟೆ. ಕುರ್ಚಿಯಲ್ಲಿ ಹಿಂದುಮುಂದಾಗಿ ಕೂತು ಎರಡು ಭಾನುವಾರ ಹಲ್ಲು ಕಚ್ಚಿದೆ.

ಆಮೇಲೆ ಗೊತ್ತಾಗಿದ್ದು, ಬೆನ್ನ ಮೇಲಿನ ಹಚ್ಚೆ ಹಾಕಿಸಿಕೊಂಡವನಿಗೂ ಕಾಣುವುದಿಲ್ಲ. ನನ್ನ ಹತ್ತಿರ ಇದ್ದದ್ದು ಶೇವಿಂಗಿನ ಪುಟ್ಟ ಕನ್ನಡಿ. ಕತ್ತು ಎಷ್ಟು ತಿರುಗಿಸಿದರೂ ಒಂದು ಸಲಕ್ಕೆ ಎರಡು ಹಣ್ಣು ಕಂಡರೆ ಹೆಚ್ಚು. ಕ್ರೀಮ್ ಹಚ್ಚಲಿಕ್ಕೂ ಕೈ ಎಟುಕದು. ಕಡೆಗೆ ಎಸ್ಟೇಟಿನ ಜೀಪ್ ಡ್ರೈವರನ ಕಾಲು ಹಿಡಿದೆ. ಕಡೂರು ಕಡೆಯ ಬಯಲುಸೀಮೆಯವನು, ತೋಟಕ್ಕೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ದಿನಾ ಬೆಳಿಗ್ಗೆ ಜೀಪಿಗೆ ಗ್ರೀಸ್ ಹಚ್ಚುವ ಶ್ರದ್ಧೆಯಲ್ಲೇ ನನಗೆ ಕ್ರೀಮ್ ಹಚ್ಚುತ್ತಿದ್ದ. ಹಕ್ಕಳೆಯೆಲ್ಲ ಉದುರಿ ಬಣ್ಣ ತಿಳಿಯಾದ ದಿನ ಅವನಿಗೆ ಖುಷಿಯೋ ಖುಷಿ.

“ರೈಟರೇ, ಬಾಳೆ ಗಿಡ ಭರ್ಜರಿಯಾಗಿ ಬಂದೈತೆ ಕಣ್ರೀ!”

೬. ಹೊರನಾಡು

ಮಾರ್ಚ್ ತಿಂಗಳಲ್ಲಿ ಐದನೇ ಸಂಬಂಧ ಬಂತು. ಕಳಸದ ಕಡೆಯ ಬೆಳೆಗಾರರು. ಮನೆಗೆ ಬರುವ ಶಾಸ್ತ್ರ ಆಮೇಲಿರಲಿ, ಹೊರನಾಡಿಗೆ ಬನ್ನಿ, ದೇವಿಯ ಸನ್ನಿಧಿಯಲ್ಲೇ ನೋಡಿದ ಹಾಗಾಗುತ್ತದೆ ಅಂದರು. ಅಮ್ಮ, ನಾನು ಬಸ್ ಹತ್ತಿದೆವು.

ಹುಡುಗಿ ನನ್ನನ್ನು ನೋಡಿದವಳೇ ಕೇಳಿದ ಮೊದಲ ಮಾತು, “ದಾರೀಲಿ ವಾಂತಿ ಆಯ್ತಾ? ಎಲ್ರಿಗೂ ಆಗುತ್ತೆ.”

“ಎರಡು ಸಲ” ಎಂದೆ.

ಅವಳು ಕಿಸಕ್ಕನೆ ನಕ್ಕಳು. ನನಗೆ ಅಲ್ಲೇ ಹಿಡಿಸಿಬಿಟ್ಟಳು. ಇವಳು ಒಪ್ಪದಿದ್ದರೆ ಆರನೆಯದನ್ನು ನೋಡಲಿಕ್ಕೇ ಹೋಗುವುದಿಲ್ಲ ಅಂತ ಆ ಕ್ಷಣದಲ್ಲೇ ನಿರ್ಧಾರ ಮಾಡಿದೆ.

ಆ ಸಂಭ್ರಮದಲ್ಲಿ ಒಂದು ವಿಷಯ ಮರೆತಿದ್ದೆ. ದೇವಸ್ಥಾನದ ಒಳಗೆ ಗಂಡಸರು ಅಂಗಿ ತೆಗೆಯಬೇಕು. ಸಾಲಿನಲ್ಲಿ ಹುಡುಗಿಯ ಅಪ್ಪ ನನ್ನ ಹಿಂದೆಯೇ ನಿಂತು ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

“ತೆಗೀರಿ, ಸಾಲು ಮುಂದೆ ಹೋಯ್ತು.”

“ಸ್ವಲ್ಪ ಚಳಿ...”

“ಮಾರ್ಚಲ್ಲಿ ಎಂತ ಚಳಿ ಮಾರಾಯ್ರೆ?”

ತೆಗೆದೆ. ಬೆನ್ನನ್ನು ಗೋಡೆಗೆ ಒತ್ತಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆದೆ. “ಎಂತಕೆ ಹಂಗೆ ಹೋಗ್ತಿದ್ದೀಯ?” ಅಂತ ಅಮ್ಮ ಆಚೆ ಸಾಲಿನಿಂದ ಕಣ್ಣಲ್ಲೇ ಗದರಿದರು. ಗರ್ಭಗುಡಿಯ ಎದುರಿಗೆ ಬಂದಾಗ ಗೋಡೆ ಮುಗಿಯಿತು. ದೇವಿಗೂ ಬೆನ್ನು ತೋರಿಸುವಂತಿಲ್ಲ, ಮಾವನಾಗುವವರಿಗೂ ಬೆನ್ನು ತೋರಿಸುವಂತಿಲ್ಲ. ದೇವಿ ದೊಡ್ಡವಳು ಅಂತ ಅವಳ ಕಡೆ ತಿರುಗಿ ಕೈ ಮುಗಿದೆ. ಹಿಂದೆ ಉಸಿರು ನಿಂತ ಸದ್ದು ಕೇಳಿಸಿತು.

ಹೊರಗೆ ಬಂದ ಮೇಲೆ ಅಂಗಿಗೆ ಕೈ ತೂರಿಸುತ್ತಿದ್ದೆ. “ಹಾಕ್ಕೋಬೇಡಿ. ಬೆಳಕಿಗೆ ಬನ್ನಿ” ಎಂದರು ಹುಡುಗಿಯ ಅಪ್ಪ. ನನ್ನನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಅಮ್ಮ ಆಗಲೇ ನೋಡಿದ್ದು. ಎರಡೂ ಕೈ ಬಾಯಿಗೆ ಹೋಯಿತು.

“ನಿಮ್ದು ಅರೇಬಿಕಾ ತೋಟ ಅಂದಿದ್ರಲ್ಲ?”

“ಹೌದು” ಎಂದೆ.

“ಹಂಗಾದ್ರೆ ಇದು ರೋಬಸ್ಟಾ ಎಂತಕೆ?”

ಅರೇಬಿಕಾದ ಎಲೆ ಸಣ್ಣ, ರೋಬಸ್ಟಾದ್ದು ಅಗಲ. ಅರೇಬಿಕಾಕ್ಕೆ ರೇಟು ಹೆಚ್ಚು, ಮರ್ಯಾದೆ ಅದಕ್ಕಿಂತ ಹೆಚ್ಚು. ನಮ್ಮ ಕಡೆ ಅರೇಬಿಕಾ ಅಂತ ಹೇಳಿ ರೋಬಸ್ಟಾ ತೋರಿಸುವುದೂ ಒಂದೇ, ಇಂಜಿನಿಯರ್ ಹುಡುಗ ಅಂತ ಹೇಳಿ ಎಸ್ಸೆಸ್ಸೆಲ್ಸಿ ಫೇಲಾದವನನ್ನು ತೋರಿಸುವುದೂ ಒಂದೇ. ಎಲೆ ದೊಡ್ಡದಿದ್ದರೆ ದೂರಕ್ಕೆ ಕಾಣುತ್ತದೆ ಅಂತ ನಂಬರ್ ಪ್ಲೇಟಿನವನು ಅಗಲ ಮಾಡಿಬಿಟ್ಟಿದ್ದಾನೆ ಅಂತ ನನಗೆ ಹೊಳೆದದ್ದೇ ಆಗ.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ನುಗ್ಗಿದರು. “ನಮ್ಮ ಗುಡ್ಡದಲ್ಲಿ ಒಂದೇ ಒಂದು ರೋಬಸ್ಟಾ ಗಿಡ ಇದ್ರೆ ಬಂದು ತೋರ್ಸಿ!” ಆಮೇಲೆ ನನ್ನ ರಟ್ಟೆಗೆ ಒಂದು ಬಿಗಿದರು. “ಹಾಕಿಸ್ಕೊಂಡಿದ್ದು ಸಾಯ್ಲಿ, ರೋಬಸ್ಟಾ ಹಾಕಿಸ್ಕೊಂಡು ಮನೆ ಮಾನ ಕಳೆದ್ಯಲ್ಲೋ!”

“ಸುಳ್ಳು ಹೇಳಿ ಸಂಬಂಧ ಮಾಡೋರನ್ನ ನಾವೂ ನೋಡಿದ್ದೀವಿ” ಎಂದರು ಹುಡುಗಿಯ ಅಪ್ಪ ಕನ್ನಡಕ ಮಡಚುತ್ತಾ. ನನಗೆ ಅಳು ಬರುವುದೊಂದು ಬಾಕಿ.

ಆಗ ಹುಡುಗಿ ಹತ್ತಿರ ಬಂದಳು. ಯಾವ ಸಂಕೋಚವೂ ಇಲ್ಲದೆ ನನ್ನ ಬೆನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

“ರೋಬಸ್ಟಾನೇ ಅಪ್ಪ” ಎಂದಳು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವಳು ಇನ್ನೊಮ್ಮೆ ನೋಡಿ, “ಅದಕ್ಕೆಂತ? ಮೇಲಿಂದ ಅರೇಬಿಕಾ ಕಸಿ ಕಟ್ಟಿಸಿದ್ರಾಯ್ತು. ನಾನೇ ಪಕ್ಕದಲ್ಲಿ ಕೂತು ಸರಿಯಾಗಿ ಬರೆಸ್ತೀನಿ” ಎಂದಳು.

ಅಪ್ಪ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಕನ್ನಡಕ ಹಾಕಿಕೊಂಡರು. ನನ್ನ ಸೊಂಟದ ಮೇಲೆ, ರೆಂಬೆ ಶುರುವಾಗುವ ಕಡೆ ಹೆಬ್ಬೆರಳಿನಿಂದ ಎರಡು ಸಲ ಒತ್ತಿ ನೋಡಿದರು.

“ಬುಡ ಗಟ್ಟಿ ಇದೆ, ಕಸಿ ಹಿಡಿಯುತ್ತೆ” ಎಂದರು ಅಮ್ಮನಿಗೆ. “ಆದ್ರೆ ಈ ಬಿಸಿಲಲ್ಲಿ ಬೇಡ. ಜೂನ್ ಮಳೆ ಬಿದ್ದ ಮೇಲೆ ಮಾಡ್ಸಿ.”